ಪಟದೊಳಗಿನ ಆಕೆ ಯಾರು?

ರಾಯಚೂರಾಗಲಿ, ದೇವದುರ್ಗ, ಮಾನ್ವಿಯಾಗಲಿ, ಹಳೇ ಮನೆಯ ಪಡಸಾಲೆಯಲ್ಲಿ ಅಜ್ಜಿಯದೊಂದು ಪಟ ಸಿಕ್ಕೇ ಸಿಗುತ್ತದೆ. ಹಬ್ಬ ಬಂದಾಗ ಅದರ ಧೂಳು ಒರೆಸುವವರು ನೀವೇ. ಆದರೆ ಆ ಪಟವನ್ನು ಎಂದಾದರೂ ಓದಿದ್ದೀರಾ? 'ಪಟ ಓದೋದು ಹ್ಯಾಗ್ರೀ?' ಅಂತೀರೇನೋ. ಕೇಳಿ.

ನಮ್ಮ ರಾಯಚೂರು ಕೋಟೆ ಬಿಜಾಪುರದ ಆದಿಲಶಾಹಿಗಳ ಕೈಯಲ್ಲಿದ್ದ ಕಾಲ. 1580ರಲ್ಲಿ ಬಾಲಕ ಇಬ್ರಾಹಿಂ ಪಟ್ಟಕ್ಕೆ ಬಂದಾಗ ಅವನ ಪರವಾಗಿ ರಾಜ್ಯದ ಹೊಣೆ ಹೊತ್ತವಳು ಚಾಂದಬೀಬಿ. ಆಕೆ ತೀರಿಕೊಂಡು ನೂರು ವರ್ಷ ಕಳೆದರೂ ದಖನ್ನಿನ ಚಿತ್ರಕಾರರು ಆಕೆಯ ಚಿತ್ರ ಬರೆಯುತ್ತಲೇ ಇದ್ದರು. ಅವರ್‍ಯಾರೂ ಆಕೆಯ ಮುಖ ಕಂಡವರಲ್ಲ! ಆದರೂ ಗುರುತು ಹೇಳಿದರು: ಕುದುರೆಯ ಮೇಲೆ ಕೂಡಿಸಿ, ಕೈಮೇಲೆ ಬೇಟೆಯ ಗಿಡುಗವನ್ನಿಟ್ಟರು. ಗಿಡುಗ ಅರಸುಮನೆತನವನ್ನು ಹೇಳಿತು. ಕುದುರೆ ಏರಿದ ಗತ್ತು ಆಕೆಯ ಎದೆಗಾರಿಕೆಯನ್ನು ಹೇಳಿತು.

ಇನ್ನೊಂದು ಪಟ ಮೈಸೂರಿನದು. ಸುಮಾರು 1805ರಲ್ಲಿ ಐರ್ಲೆಂಡಿನ ಥಾಮಸ್ ಹಿಕಿ ಬರೆದದ್ದು. ಮೂವರು ಹೆಂಗಸರು, ಮೈತುಂಬ ಒಡವೆ. ಆದರೆ ಹೆಸರು ಗೊತ್ತಿರಲಿಲ್ಲ ನೋಡಿ, ಬಹಳ ವರ್ಷ ಅವರನ್ನು ನರ್ತಕಿಯರೆಂದೇ ತಿಳಿದಿದ್ದರು! ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಶೋಧಿಸಿ, ಇವರು ಒಡೆಯರ ಅರಮನೆಯವರು, ಬಲಗಡೆಯವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ ಎಂದರು. ಆಕೆ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವನ್ನಂತೆ. ಜನ ಸೂಜಿಗೆ ಹೆದರುತ್ತಿದ್ದ ಕಾಲದಲ್ಲಿ, 'ನಾನು ಹಾಕಿಸಿಕೊಂಡೆ, ನೀವೂ ಬನ್ನಿ' ಎಂದಂತಲ್ಲವೇ?

ಮೂರನೆಯದನ್ನು ನೀವು ಕ್ಯಾಲೆಂಡರಿನಲ್ಲಿ ನೋಡೇ ಇರುತ್ತೀರಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ದೀಪ ಹಿಡಿದ ಹೆಣ್ಣು. ರವಿವರ್ಮನದೆಂದು ಎಷ್ಟೋ ಜನ ಹೇಳುತ್ತಾರೆ, ಅಲ್ಲ, ಎಸ್.ಎಲ್. ಹಳದಣಕರ್ ತಮ್ಮ ಮಗಳು ಗೀತಾಳನ್ನೇ ನಿಲ್ಲಿಸಿ 1940ರ ದಶಕದಲ್ಲಿ ಬರೆದದ್ದು. ಇಲ್ಲಿ ಗಿಡುಗವಿಲ್ಲ, ಕುದುರೆಯಿಲ್ಲ. ದೀಪಕ್ಕೆ ಅಡ್ಡ ಹಿಡಿದ ಅಂಗೈ, ಬೆರಳಸಂದಿನ ಕೆಂಪು ಬೆಳಕು, ಅಷ್ಟೇ. ಆಕೆಯ ಗುಣವೆಲ್ಲ ಆ ಕೈಯಲ್ಲೇ ಇದೆ.

ಈಗ ನಿಮ್ಮ ಅಜ್ಜಿಯ ಪಟದ ಮುಂದೆ ನಿಲ್ಲಿ. ಒಡವೆಯನ್ನೇ ನಂಬಬೇಡಿ, ಪಟಕ್ಕೆಂದು ಎರವಲು ತಂದು ಹಾಕಿಕೊಂಡವರೂ ಉಂಟು, ಬಣ್ಣ ಹಚ್ಚುವವನೇ ಚಿನ್ನ ಏರಿಸಿದ್ದೂ ಉಂಟು. ಕೈ ನೋಡಿ: ಮಗುವಿನ ಮೇಲಿದೆಯೋ, ಪುಸ್ತಕದ ಮೇಲೋ, ಮಡಿಲಲ್ಲಿ ಬಿಗಿಯಾಗಿ ಮುಚ್ಚಿದೆಯೋ? ಗಂಡ ಕುರ್ಚಿಯಲ್ಲಿದ್ದು ಆಕೆ ನಿಂತಿದ್ದಾಳೋ, ಇಬ್ಬರೂ ಕೂತಿದ್ದಾರೋ? ಮನೆಯಲ್ಲಿ ಆಕೆಯ ಮಾತಿಗಿದ್ದ ಬೆಲೆ ಒಂದಿಷ್ಟು ಕಾಣುತ್ತದೆ.

ಉಳಿದದ್ದನ್ನು ಹಿರಿಯರನ್ನು ಕೇಳಿ. ಆಕೆಯ ಹೆಸರು, ತವರೂರು, ಪಟ ಬರೆಸಿದ ವರ್ಷ, ಆಕೆಗೆ ಬರುತ್ತಿದ್ದ ಹಾಡು, ಹಸೆ, ಹೊಲಿಗೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ, ಚೌಕಟ್ಟಿನ ಹಿಂದೆ ಅಂಟಿಸಿಡಿ. ಪಟದ ಮೇಲೆ ಮಾತ್ರ ಪೆನ್ನು ತಾಗಿಸಬೇಡಿ, ಶಾಯಿ ಇಳಿದೀತು. ಹೆಸರಿಲ್ಲದೆ ಹೋದರೆ ರಾಣಿಯರೇ ಬೇರೆ ಯಾರೋ ಆಗಿಹೋಗಿದ್ದರು. ನಮ್ಮ ಅಜ್ಜಿಯರಿಗೆ ಹಾಗಾಗುವುದು ಬೇಡ, ಏನಂತೀರಿ?