ಪಿಸ್ಟನ್ನೂ ಸಿಲಿಂಡರೂ: ಕೂದಲೆಳೆಯ ತೆರಪು



ನಮ್ಮೂರಿನ ಹೊಲದ ಬಾವಿಯ ಮೇಲೆ ಐದು ಕುದುರೆ ಶಕ್ತಿಯ ಒಂದು ಡೀಸೆಲ್ ಎಂಜಿನ್ ಇದ್ದಿತು. ನಾನು ಎಂಟನೆಯ ತರಗತಿಯಲ್ಲಿದ್ದಾಗ ಅದು ಹೊಗೆಯನ್ನುಗುಳತೊಡಗಿತು. ದುರಸ್ತಿಗೆ ಬಂದವರು, “ಎಲ್ಲವೂ ಹೊಸದು, ಅಳೆಯುವುದೇನು?” ಎಂದು ಪಿಸ್ಟನ್ನನ್ನೂ ಲೈನರನ್ನೂ ಹಾಗೆಯೇ ಜೋಡಿಸಿ ಹೋದರು. ಮೂರನೆಯ ದಿನ ನಡುಹಗಲಿನಲ್ಲಿ ಎಂಜಿನ್ ಬಿಗಿದು ನಿಂತಿತು. ಇನ್ನೊಂದು ನೀರು ಸಿಕ್ಕಿದ್ದರೆ ಕೈಗೆ ಬರುತ್ತಿದ್ದ ಗೋದಿ ಕಣ್ಣೆದುರಿಗೇ ಒಣಗಿತು. ಅಂದು ಆದ ತಪ್ಪು ಏನೆಂಬುದು ನನಗೆ ತಿಳಿದುದು ಪುಣೆಗೆ ಬಂದ ಮೇಲೆ. ನಮ್ಮ ಓಣಿಯ ಮಿಸ್ತ್ರಿಯವರೊಬ್ಬರಿಂದ.

ಪುಣೆಗೂ ಇಂತಹ ಎಂಜಿನ್ನಿಗೂ ಹಳೆಯ ನಂಟು. ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸಂಸ್ಥೆಯು 1946ರಲ್ಲಿ ಇಲ್ಲಿಯೇ ಸ್ಥಾಪಿತವಾಯಿತು. ಆ ಮನೆತನದ ಉದ್ಯಮಕ್ಕೆ ಅಡಿಗಲ್ಲನ್ನಿಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಜನಿಸಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರ ಸಂಸ್ಥೆಯ ಏವಿ-1 ಎಂಬ ಐದು ಕುದುರೆ ಶಕ್ತಿಯ ಎಂಜಿನ್ನಿನ ಸಿಲಿಂಡರಿನ ಒಳವ್ಯಾಸವು 80 ಮಿ.ಮೀ. ಈ ಅಳತೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಪಿಸ್ಟನ್ ಮೇಲೇರಿ ಗಾಳಿಯನ್ನು ಸುಮಾರು ಹದಿನಾರನೆಯ ಒಂದು ಭಾಗಕ್ಕೆ ಅದುಮುತ್ತದೆ. ಆಗ ಗಾಳಿ 500 ಡಿಗ್ರಿಗೂ ಮಿಗಿಲಾಗಿ ಕಾಯುತ್ತದೆ. ಆ ಕಾವಿನಿಂದಲೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ಸಡಿಲವಾಗಿ, ರಿಂಗುಗಳು ಸವೆದಿದ್ದರೆ ಗಾಳಿ ಸೋರಿಹೋಗಿ ಎಂಜಿನ್ ಹೊರಡಲೊಲ್ಲದು. ಹಾಗಾದರೆ ಬಿಗಿಯಾಗಿಯೇ ಕೂಡಿಸಬಾರದೇಕೆ? ಅಲ್ಯುಮಿನಿಯಂ ಕಾಯ್ದಾಗ ಬೀಡುಕಬ್ಬಿಣಕ್ಕಿಂತ ಇಮ್ಮಡಿ ಹಿಗ್ಗುತ್ತದೆ. 100 ಡಿಗ್ರಿ ಕಾವು ಏರಿದರೆ 80 ಮಿ.ಮೀ. ಪಿಸ್ಟನ್ ಸುಮಾರು 0.18 ಮಿ.ಮೀ. ಹಿಗ್ಗುವುದು, ಬೀಡುಕಬ್ಬಿಣದ ಸಿಲಿಂಡರು 0.09 ಮಾತ್ರ. ತೆರಪು ಸಾಲದಿದ್ದರೆ ಪಿಸ್ಟನ್ ಗೋಡೆಗೆ ಕಚ್ಚಿಕೊಳ್ಳುತ್ತದೆ. ನಮ್ಮ ಎಂಜಿನ್ನಿಗೆ ಆದುದು ಇದೇ.

ಆದುದರಿಂದ ಜೋಡಿಸುವ ಮುನ್ನ ಅಳೆಯಬೇಕು. ಎರಡನ್ನೂ ಶುಚಿಗೊಳಿಸಿ, ಒಂದೇ ಕಡೆ ಇಟ್ಟು ತಣಿಯಗೊಡಬೇಕು. ಪಿಸ್ಟನ್ ಪೂರ್ಣ ದುಂಡಗಿರುವುದಿಲ್ಲ; ಅದರ ಕೆಳಮೈಯನ್ನು ಪಿನ್ನಿನ ತೂತಿಗೆ ಅಡ್ಡಲಾಗಿ, ತಯಾರಕರು ಹೇಳಿದ ಎತ್ತರದಲ್ಲಿ, ಮೈಕ್ರೋಮೀಟರಿನಿಂದ ಅಳೆಯಬೇಕು. ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಒಂದೊಂದೆಡೆ ಎರಡು ದಿಕ್ಕಿನಲ್ಲಿ, ಹೀಗೆ ಆರು ಸಲ ಬೋರ್ ಗೇಜಿನಿಂದ ಅಳೆಯಬೇಕು. ಅತಿ ಕಿರಿದಾದ ಅಳತೆಯಿಂದ ಪಿಸ್ಟನ್ನಿನ ಅಳತೆಯನ್ನು ಕಳೆದರೆ ಬಿಗಿಯಾದ ಕಡೆಯ ತೆರಪು; ಅತಿ ಹಿರಿದಾದುದರಿಂದ ಕಳೆದರೆ ಸಡಿಲಾದ ಕಡೆಯ ತೆರಪು. ಎರಡೂ ತಯಾರಕರು ಕೊಟ್ಟ ಮಿತಿಯೊಳಗಿರಬೇಕು. ಹಳೆಯ ಸಿಲಿಂಡರಿನಲ್ಲಿ ಸವೆತವು ಮೇಲ್ಭಾಗದಲ್ಲಿಯೇ ಹೆಚ್ಚು. ಏಕೆಂದರೆ ಅಲ್ಲಿ ಕಾವು ಹೆಚ್ಚು, ಎಣ್ಣೆಯ ಪೊರೆ ತೆಳು.

“ಬೋರ್ ಗೇಜ್ ಇಲ್ಲದಿದ್ದರೆ?” ಎಂದು ನಾನು ಕೇಳಿದೆನು. ಮಿಸ್ತ್ರಿಯವರು ನಕ್ಕು, “ಮಾಸ್ತರರೇ, ರಿಂಗೇ ನಮಗೆ ಗೇಜು” ಎಂದರು. ರಿಂಗೊಂದನ್ನು ಸವೆಯದ ಕೆಳಭಾಗದಲ್ಲಿಟ್ಟು, ಪಿಸ್ಟನ್ನಿನ ತಲೆಯಿಂದ ತಳ್ಳಿ ನೆಟ್ಟಗೆ ಮಾಡಿದರು. ಅದರ ಎರಡು ತುದಿಗಳ ನಡುವೆ ಫೀಲರ್ ಗೇಜಿನ ಎಲೆಗಳನ್ನು ತೂರಿಸಿದಾಗ 0.40 ಮಿ.ಮೀ. ಬಂದಿತು. ಅದನ್ನೇ ಸವೆದ ಮೇಲ್ಭಾಗದಲ್ಲಿಟ್ಟಾಗ 0.71. ವ್ಯತ್ಯಾಸ 0.31. ಇದು ಪರಿಧಿಯಲ್ಲಿ ಆದ ಹೆಚ್ಚಳ. ಪರಿಧಿಯನ್ನು 3.14ರಿಂದ ಭಾಗಿಸಿದರೆ ವ್ಯಾಸವೆಂದು ನೀವು ಗಣಿತದಲ್ಲಿ ಕಲಿತಿರುವಿರಷ್ಟೆ? ಅಂದರೆ ವ್ಯಾಸವು ಸುಮಾರು 0.1 ಮಿ.ಮೀ. ಹಿಗ್ಗಿದೆ, ಒಂದು ದಪ್ಪ ತಲೆಗೂದಲಿನಷ್ಟು! ಆದರೆ ಈ ಉಪಾಯವು ಸರಾಸರಿಯನ್ನು ಹೇಳುವುದೇ ಹೊರತು, ಸಿಲಿಂಡರು ಯಾವ ಕಡೆಗೆ ಓರೆಯಾಗಿ ಸವೆದಿದೆಯೆಂಬುದನ್ನು ಹೇಳಲಾರದು.

ಲೆಕ್ಕವು ಪರೀಕ್ಷೆಗೆ ಮಾತ್ರವೆಂದು ತಿಳಿಯುವ ಮಕ್ಕಳು ನಮ್ಮ ಆ ಹೊಲವನ್ನು ನೆನೆಯಲಿ. ಅಂದು ಅರ್ಧ ಗಂಟೆ ಕುಳಿತು ಅಳೆದಿದ್ದರೆ, ಗೋದಿ ಮನೆಗೆ ಬರುತ್ತಿತ್ತು.