ಚೇಣಿ ಅಡಿಕೆ ಮತ್ತು ಹದೀಸ್

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆ ಅಡಿಕೆ ತೋಟವನ್ನು ಚೇಣಿಗೆ ಕೊಡುವ ರೂಢಿಯಿದೆ. ಕೊನೆ ಮರದಲ್ಲಿರುವಾಗಲೇ ವ್ಯಾಪಾರಿ ತೋಟ ಸುತ್ತಿ ಫಸಲು ಅಂದಾಜು ಮಾಡುತ್ತಾನೆ. ದರ ಕುದುರುತ್ತದೆ, ಮುಂಗಡ ಕೈ ಸೇರುತ್ತದೆ. ಈ ವಹಿವಾಟಿನಲ್ಲಿ ಮುಸ್ಲಿಮರೂ ಇದ್ದಾರೆ. ಅವರಲ್ಲಿ ಧರ್ಮನಿಷ್ಠರಾದವರಿಗೆ ಇಲ್ಲೊಂದು ತೊಡಕು. ಫಲ ಪಕ್ವವಾಗುವ ಲಕ್ಷಣ ಕಾಣುವ ಮೊದಲು ಅದನ್ನು ಮಾರಬಾರದೆಂದು ಪ್ರವಾದಿ ತಡೆದ ಹದೀಸ್ ಬುಖಾರಿ ಸಂಗ್ರಹದಲ್ಲಿದೆ. ಬೆಳೆ ಹಾಳಾದರೆ ಕೊಂಡವನು ಮುಳುಗಬಾರದು, ಜಗಳ ಏಳಬಾರದು ಎಂಬ ಕಾಳಜಿ ಅದರ ಹಿಂದಿದೆ. ಮಳೆಗಾಲದ ಕೊಳೆರೋಗ ಕಂಡ ಮಲೆನಾಡಿಗರಿಗೆ ಆ ಕಾಳಜಿಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಆದರೆ ಅದು ಖರ್ಜೂರದ ನಾಡಿನ ನಿಯಮ. ಇಲ್ಲಿ ಕೆಂಪಡಿಕೆಗಾಗಿ ಕೊಯ್ಯುವುದೇ ಹಸಿರು ಕಾಯಿಯನ್ನು. ಹಾಗಾದರೆ ಅಡಿಕೆ ಪಕ್ವವಾಯಿತೆಂದು ಹೇಳುವುದು ಯಾವಾಗ?

ಕಡ್ಡಾಯ ದಾನವಾದ ಝಕಾತಿನ ಲೆಕ್ಕ ಇನ್ನೂ ಕುತೂಹಲದ್ದು. ಕೊಯ್ಲಿನ ದಿನವೇ ಬೆಳೆಯ ಪಾಲು ಸಲ್ಲಿಸುವ ಮಾತು ಕುರ್‌ಆನಿನ 6ನೇ ಅಧ್ಯಾಯದ 141ನೇ ವಚನದಲ್ಲಿದೆ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಬ್ಯಾರಿಗಳು ಸಾಮಾನ್ಯವಾಗಿ ಶಾಫಿ ಪಂಥದವರು. ಉರ್ದು ಮಾತಾಡುವವರಲ್ಲಿ ಹೆಚ್ಚಿನವರು ಹನಫಿಗಳು. ಇಮಾಮ್ ಅಬೂ ಹನೀಫರ ಪ್ರಕಾರ ನೆಲ ಕೊಟ್ಟ ಬಹುತೇಕ ಎಲ್ಲ ಬೆಳೆಗೂ ಪಾಲಿದೆ: ಮಳೆಯಾಶ್ರಿತವಾದರೆ ಹತ್ತರಲ್ಲೊಂದು, ನೀರು ಹಾಯಿಸಿ ಬೆಳೆದಿದ್ದರೆ ಇಪ್ಪತ್ತರಲ್ಲೊಂದು. ಶಾಫಿಗಳಲ್ಲಿ ಈ ಪಾಲು ಕೂಡಿಡಬಹುದಾದ ಮುಖ್ಯ ಆಹಾರಧಾನ್ಯಕ್ಕೆ, ಜೊತೆಗೆ ಖರ್ಜೂರ, ದ್ರಾಕ್ಷಿಗೆ ಮಾತ್ರ. ಗದ್ದೆಯ ಭತ್ತಕ್ಕುಂಟು, ಮಗ್ಗುಲಿನ ಅಡಿಕೆಗೂ ಕಾಫಿಗೂ ಇಲ್ಲ. ಅದೇ ಅಡಿಕೆಯನ್ನು ಮಾರಲೆಂದು ಕೊಂಡು ದಾಸ್ತಾನಿಟ್ಟರೆ ಅದು ವ್ಯಾಪಾರದ ಸರಕು. ವರ್ಷ ತುಂಬಿ, ನಿಗದಿತ ಮಿತಿ ಮುಟ್ಟಿದಾಗ ಶೇ. 2.5 ಸಲ್ಲಬೇಕು. ಬೇಲಿಯಾಚೆ ಈಚೆ ತೋಟ ಮಾಡಿಕೊಂಡಿರುವ ಇಬ್ಬರು ಮುಸ್ಲಿಮರು ಒಂದೇ ವಚನ ಓದಿ ಬೇರೆ ಬೇರೆ ಲೆಕ್ಕ ಬರೆಯಬಹುದು. ತಮ್ಮ ತಮ್ಮ ಪಂಥದ ಕಣ್ಣಲ್ಲಿ ಇಬ್ಬರದೂ ಸರಿಯೇ.

ಮಾನವಶಾಸ್ತ್ರಜ್ಞ ತಲಾಲ್ ಅಸದ್ 1986ರ ಪ್ರಬಂಧವೊಂದರಲ್ಲಿ ಇಂಥದ್ದಕ್ಕೇ ದಾರಿ ತೋರಿದರು. ಇಸ್ಲಾಮನ್ನು ಅರಿಯಲು ಕುರ್‌ಆನ್ ಮತ್ತು ಹದೀಸ್‌ಗಳಿಂದಲೇ ಶುರುಮಾಡಿ, ಸರಿಯಾದ ನಡೆ ಯಾವುದೆಂದು ಜನ ತಲೆಮಾರುಗಳಿಂದ ನಡೆಸಿಬಂದ ವಾಗ್ವಾದವನ್ನು ಹಿಂಬಾಲಿಸಬೇಕೆಂಬುದು ಅವರ ವಾದ. ಕನ್ನಡದಲ್ಲಿ ಊರೂರು ಅಲೆದು ಮಾಡುವ ಅಧ್ಯಯನಕ್ಕೆ ಮಾದರಿ ಹಾಕಿಕೊಟ್ಟ ರಹಮತ್ ತರೀಕೆರೆ ಇದೇ ಚಿಕ್ಕಮಗಳೂರು ಜಿಲ್ಲೆಯವರು; 'ಕರ್ನಾಟಕದ ಸೂಫಿಗಳು' ಅವರ ಅಂಥ ಕೃತಿ. ದರ್ಗಾಗಳಿಗೆ ಸಿಕ್ಕ ಈ ಬಗೆಯ ಗಮನ ಅಡಿಕೆ ಮಂಡಿಗೂ ಮಸೀದಿಯ ಜಮಾತ್ ಸಭೆಗೂ ಸಿಗಬೇಕು.

ಲೋಕವ್ಯವಹಾರದ ಕಾಗದದಲ್ಲಿ ಶಾಸ್ತ್ರದ ಮಾತು ಬೆರೆಯುವುದು ಈ ನೆಲಕ್ಕೆ ಹೊಸದಲ್ಲ. 1791ರಲ್ಲಿ ಮರಾಠಾ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಸುಲ್ತಾನ್ ಜಗದ್ಗುರುಗಳಿಗೆ ಬರೆದ ಕನ್ನಡ ಪತ್ರದಲ್ಲಿ ಸಂಸ್ಕೃತದ ಸೂಕ್ತಿಯೊಂದಿದೆ. ಶಾರದಾಂಬೆಯ ಪುನಃಪ್ರತಿಷ್ಠೆಗೆ ಹಣ, ಧಾನ್ಯ ಒದಗಿಸುವ ಏರ್ಪಾಡೂ ಈ ಪತ್ರವ್ಯವಹಾರದಲ್ಲಿದೆ. ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ 1916ರಲ್ಲಿ ಈ ಪತ್ರಗಳನ್ನು ಬೆಳಕಿಗೆ ತಂದರು.

ಇಂದಿನ ಕಾಗದಗಳೂ ಅಷ್ಟೇ ಮುಖ್ಯ. ಮಸೀದಿಯ ನಿಕಾಹ್ ದಫ್ತರು, 1995ರ ವಕ್ಫ್ ಕಾಯ್ದೆಯಡಿ ಇಡಬೇಕಾದ ಆಸ್ತಿಯ ಲೆಕ್ಕ, ಸಂಗ್ರಹವಾದ ಝಕಾತ್ ಯಾರಿಗೆ ಎಷ್ಟು ಹೋಯಿತೆಂಬ ವಿವರ – ಇವೆಲ್ಲ ಧರ್ಮ ನಾಗರಿಕ ಬದುಕಿಗೆ ಇಳಿಯುವ ಜಾಗಗಳು. ಅವನ್ನು ಓದಿದರಷ್ಟೇ ಸಾಲದು. ಸಂಶೋಧಕರು ಮಂಡಿಯಲ್ಲಿ ಕೂತು, ಚೇಣಿ ಮಾತುಕತೆ ಮುರಿದಾಗ ವ್ಯಾಪಾರಿ ಮೊದಲು ಹೋಗುವುದು ಉಸ್ತಾದರ ಬಳಿಗೋ, ಜಮಾತ್ ಅಧ್ಯಕ್ಷರ ಬಳಿಗೋ, ವಕೀಲರ ಬಳಿಗೋ ಎಂದು ನೋಡಬೇಕು. ತೋಟದ ಯಜಮಾನ ಗೌಡರೋ ಭಟ್ಟರೋ ಆಗಿದ್ದರೆ ಆ ಹದೀಸಿನ ಮಾತು ಅವರೆದುರು ಹೇಗೆ ಬರುತ್ತದೆಂದೂ ಕೇಳಬೇಕು.