ಬಾಣಂತಿಯ ಮಂಚದ ಬಳಿ ಒಂದು ನಲ್ಲಿ

ಗೊರೂರು, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ಯಾರಿಗಾದರೂ ಕಾಯಿಲೆ ಜೋರಾದರೆ ಹಾಸನದ ದೊಡ್ಡಾಸ್ಪತ್ರೆಗೆ ಕರೆದೊಯ್ಯುತ್ತಾರೆ. ಶ್ರೀ ಚಾಮರಾಜೇಂದ್ರ ಆಸ್ಪತ್ರೆ ಈಗ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಹೌದು. ರೋಗಿಯ ಹಿಂದೆಯೇ ನೆಂಟರು ಹೊರಡುತ್ತಾರೆ. ಹೋಗಿ ನೋಡಿ ಬರುವುದು ನಮ್ಮಲ್ಲಿ ತಪ್ಪಿಸಲಾಗದ ಋಣ. ಬಾಣಂತಿಯ ಮಂಚದ ಮೇಲೆ ಕೂತು, ಕೂಸಿನ ಕೆನ್ನೆ ಸವರಿ, ಪಕ್ಕದ ಮಂಚದವರನ್ನೂ ಮಾತಾಡಿಸುತ್ತೇವೆ. ಬಸ್ಸಿನ ಕಂಬಿ ಹಿಡಿದು ಬಂದ ಕೈ ಅದು.

ನಮ್ಮಂಥ ದೇಶಗಳಲ್ಲಿ ಆಸ್ಪತ್ರೆ ಸೇರಿದ ನೂರು ರೋಗಿಗಳಲ್ಲಿ 15 ಮಂದಿಗೆ ಅಲ್ಲಿಯೇ ಹೊಸ ಸೋಂಕು ತಗಲುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ವಾಸಿಯಾಗಲು ಹೋದವರಿಗೆ ಹೀಗಾಗುವುದು ಸಣ್ಣ ಅನ್ಯಾಯವಲ್ಲ.

ಪರಿಹಾರವೇನೂ ಹೊಸದಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಶವ ಕೊಯ್ದ ವೈದ್ಯರು ನೇರವಾಗಿ ಹೆರಿಗೆ ಮಾಡಿಸಲು ಬರುತ್ತಿದ್ದರು. ಕ್ಲೋರಿನ್ ಬೆರೆಸಿದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಅಲ್ಲಿನ ವೈದ್ಯ ಸೆಮ್ಮೆಲ್‌ವೈಸ್ ಪಟ್ಟು ಹಿಡಿದ. ಏಪ್ರಿಲ್‌ನಲ್ಲಿ ಶೇ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ಹೊತ್ತಿಗೆ ಶೇ 2ರ ಆಸುಪಾಸಿಗೆ ಇಳಿಯಿತು. ರೋಗಾಣುಗಳ ವಿಷಯ ಆಗಿನ್ನೂ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ.

ಸೋಪು ಹಚ್ಚಿ ತೊಳೆಯಲು 40ರಿಂದ 60 ಸೆಕೆಂಡು ಬೇಕು, ಸ್ಯಾನಿಟೈಸರ್ ಉಜ್ಜಲು 20ರಿಂದ 30. ಕಡಿಮೆಯೆನಿಸಬಹುದು. ಆದರೆ ರಾತ್ರಿ ಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬಳೇ ನೋಡಿಕೊಳ್ಳುವ ನರ್ಸಿಗೆ ಪ್ರತಿ ಮಂಚಕ್ಕೂ ಅಷ್ಟು ಹೊತ್ತು ಎಲ್ಲಿಂದ ಬರಬೇಕು? ಕೈಗವಸು ಹಾಕಿದ್ದೇನಲ್ಲ ಎಂಬ ಭರವಸೆಯೂ ಸಾಲದು. ಒಬ್ಬರ ಗಾಯ ಮುಟ್ಟಿದ ಕೈಗವಸಿನಲ್ಲೇ ಇನ್ನೊಬ್ಬರ ಡ್ರಿಪ್ ಸರಿಪಡಿಸಿದರೆ ಸೋಂಕೂ ಜೊತೆಗೇ ಹೋಗುತ್ತದೆ. ಆದ್ದರಿಂದ ಸಿಬ್ಬಂದಿಯನ್ನು ಗದರುವ ಮೊದಲು ಕೈಗೆಟುಕುವಲ್ಲಿ ನಲ್ಲಿ, ಸೋಪು, ಸ್ಯಾನಿಟೈಸರ್ ಇಡಬೇಕು, ಇನ್ನಷ್ಟು ನರ್ಸುಗಳನ್ನು ಕೊಡಬೇಕು. ಸರ್ಕಾರಿ ಆಸ್ಪತ್ರೆಗಳ ಶುಚಿತ್ವ ಅಳೆಯಲು 2015ರಲ್ಲಿ ಶುರುವಾದ ಕಾಯಕಲ್ಪ ಯೋಜನೆ ಸೋಂಕು ತಡೆಗೂ ಅಂಕ ಕೊಡುತ್ತದೆ, ಒಳ್ಳೆಯದು. ತಪಾಸಣೆಯ ದಿನದ ಶುಚಿ ಮರುದಿನವೂ ಇರಬೇಕಷ್ಟೆ.

ಗೊರೂರಿನಲ್ಲಿ ಹೇಮಾವತಿಯನ್ನು ತಡೆದು ತುಮಕೂರು, ಮಂಡ್ಯದ ಗದ್ದೆಗಳವರೆಗೆ ನೀರು ಹರಿಸಿದ ಜಿಲ್ಲೆ ನಮ್ಮದು. ಇಲ್ಲಿನ ಯಾವ ಹೆರಿಗೆ ಕೊಠಡಿಯಲ್ಲೂ ನಲ್ಲಿ ಒಣಗಿರುವುದನ್ನು ನಾವು ಒಪ್ಪಬಾರದು.

ಕೈಯ ಶುಚಿಯೊಂದೇ ಸಾಲದೆಂಬುದನ್ನು ಬಳ್ಳಾರಿ ತೋರಿಸಿತು. 2024ರ ನವೆಂಬರ್‌ನಲ್ಲಿ ಅಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ ಅನುಮಾನ ಹೋದದ್ದು ರಕ್ತನಾಳಕ್ಕೆ ಹರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಬಾಟಲಿಯ ಗುಣಮಟ್ಟವನ್ನು ರೋಗಿಯ ಮನೆಯವರು ಪರೀಕ್ಷಿಸಲಾರರು. ಆ ಹೊಣೆ ಪೂರ್ತಿ ಸರ್ಕಾರದ್ದು.

ನಮ್ಮ ಪಾಲಿಗೆ ಉಳಿಯುವುದು ಇಷ್ಟು: ನೆಗಡಿ, ಜ್ವರ ಇದ್ದವರು ಕೂಸು ನೋಡುವುದನ್ನು ಮುಂದಕ್ಕೆ ಹಾಕಲಿ. ಹೋದವರು ಮಂಚದ ಮೇಲೆ ಕೂರದಿರಲಿ, ಮುಟ್ಟುವ ಮೊದಲು ಕೈ ತೊಳೆಯಲಿ. ಡ್ರಿಪ್ ಸೂಜಿಯ ಜಾಗ ಕೆಂಪಾಗಿ ಊದಿದ್ದರೆ ಬೆಳಗ್ಗೆ ರೌಂಡ್ಸಿಗೆ ಡಾಕ್ಟರು ಬರಲೆಂದು ಕಾಯದೆ ಸಿಸ್ಟರನ್ನು ಆಗಲೇ ಕರೆಯಲಿ.